ಎಡಬಾಗಿಲ ಸ್ಪೀಕರ್

ಮಾರ್ಚ್ ೩, ಮಂಗಳವಾರ

ಇವತ್ತೂ ಕಾರಿನಲ್ಲಿ ನಮ್ಮ ಯಜಮಾನರಿಗೆ ವಾಂತಿ. ಹಿಂದಿನ ಸೀಟಿಗೆ ಪ್ಲಾಸ್ಟಿಕ್ ಹಾಸಿ, ಮಡಿಲಿಗೆ ಬಕೆಟ್ಟು ಕೊಟ್ಟು, ಗಲ್ಲದ ಕೆಳಗೆ ಟವೆಲು ಸಿಕ್ಕಿಸಿ ಕೂರಿಸಿದ್ದೆ. ಇಷ್ಟೆಲ್ಲ ಮಾಡಿದರೂ ಬಕೆಟ್ಟಿಗೆ ಬಿದ್ದದ್ದು ಅರ್ಧ. ಉಳಿದದ್ದನ್ನು ಮನೆಗೆ ಬಂದ ಮೇಲೆ ಸೊಸೆ ತೊಳೆದಳು. ಎಲ್ಲೆಲ್ಲಿ ಇನ್ನೂ ಅಂಟಿದೆ ಎಂದು ನಾನು ಮೂಗು ಮುಚ್ಚಿಕೊಂಡು ನಿಂತು ತೋರಿಸಿದೆ.

ಮೂತ್ರಪಿಂಡ ಎರಡೂ ಕೆಲಸ ಬಿಟ್ಟು ಕೂತ ಮೇಲೆ ಇವರನ್ನು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಯಂತ್ರಕ್ಕೆ ಸೇರಿಸಿ ರಕ್ತ ತೊಳೆದು ಕಳಿಸುತ್ತಾರೆ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ಓಡಿಸುವವಳು ಸೊಸೆ. ಮೊದಲು ಇವರೇ ಮುಂದೆ ಅವಳ ಪಕ್ಕ ಕೂರುತ್ತಿದ್ದರು. ಒಂದು ದಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಬಾಗಿಲಿಗೆಲ್ಲ ಮಾಡಿಕೊಂಡರು. ಅವತ್ತಿನಿಂದ ಇವರನ್ನು ಹಿಂದಕ್ಕೆ ಕಳಿಸಿ ಮುಂದೆ ನಾನು ಕೂರುತ್ತೇನೆ. ಮನೆಯ ಯಜಮಾನಿ ಬಕೆಟ್ಟಿನ ಪಕ್ಕ ಕೂತು ಹೋಗಬೇಕೇ?

ಇದರ ಮೇಲೆ ಆ ಸ್ಪೀಕರಿನ ಪೀಡೆ. ಮುಂದಿನ ಎಡಬಾಗಿಲಿನದು ಹರಿದಿದೆ. ಹಾಡು ಹಾಕಿದರೆ ಗರಗರ, ಹಾಕದಿದ್ದರೆ ವಾಂತಿ. ಮನಸ್ಸು ಬೇರೆ ಕಡೆ ಹೋದರೆ ಹೊಟ್ಟೆ ಸುಮ್ಮನಿರುತ್ತದೆ ಎಂದು ಡಾಕ್ಟರೇ ಹೇಳಿದ್ದಾರೆ. ಬೇರೆಯವರಾಗಿದ್ದರೆ ಗರಗರವನ್ನು ಸಹಿಸಿಕೊಳ್ಳುತ್ತಿದ್ದರೇನೋ. ಇವರು ಆಯಸ್ಸಿಡೀ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು. ಮದುವೆ, ಸಭೆ, ಚುನಾವಣೆ, ಎಲ್ಲದಕ್ಕೂ ಇವರದೇ ಹಾರ್ನು, ಇವರದೇ ಸ್ಪೀಕರು. ಎರಡೂ ಕಿವಿ ಮುಚ್ಚಿಕೊಂಡು "ನಿಲ್ಸಿ, ನಿಲ್ಸಿ" ಎಂದು ಕೂಗಿದರು. ಕಿವಿ ಮುಚ್ಚಲು ಕೈ ಎತ್ತಿದಾಗಲೇ ಬಕೆಟ್ಟು ಜಾರಿದ್ದು.

ಮನೆಗೆ ಬಂದು ಮಂಚದ ಮೇಲೆ ಕೂತವರೇ, "ನಾನು ಇನ್ನು ಬರಲ್ಲ" ಎಂದರು.

"ಎಲ್ಲಿಗೆ?"

"ಅಲ್ಲಿಗೆ. ಸಾಕು."

"ಸಾಕೋ ಬೇಕೋ ನಾನು ಹೇಳ್ತೀನಿ. ನೀವು ಮಲಗಿ."

ಮಲಗಿದರು. ನಾನು ಹೇಳಿದ ಮೇಲೆ ಈ ಮನೆಯಲ್ಲಿ ಎರಡನೆಯ ಮಾತು ಇಲ್ಲ.

ಮಾರ್ಚ್ ೫, ಗುರುವಾರ

ಎರಡನೆಯ ಮಾತು ಬಂತು. ಬೆಳಿಗ್ಗೆ ಅಂಗಿ ಹಿಡಿದು ನಿಂತರೆ ತೋಳಿಗೆ ಕೈ ತೂರಿಸಲಿಲ್ಲ. ಸ್ಕೂಲಿಗೆ ಹೋಗಲ್ಲ ಎಂದು ಹಟ ಮಾಡುವ ಮಗುವಿನ ಹಾಗೆ ಮಂಚದ ಕಾಲನ್ನು ಹಿಡಿದುಕೊಂಡುಬಿಟ್ಟರು. ಗೋದಾಮಿನ ಕೆಲಸಕ್ಕೆ ಹೊರಟಿದ್ದ ಮಗ ಚಪ್ಪಲಿ ಬಿಚ್ಚಿ ಒಳಗೆ ಬಂದು ಎತ್ತಿಕೊಂಡ. ಅಪ್ಪನನ್ನು ಹೊತ್ತ ಮಗನ ಮುಖ, ಮಗನ ಹೆಗಲ ಮೇಲಿನ ಅಪ್ಪನ ಮುಖ, ಎರಡೂ ನೋಡುವ ಹಾಗಿರಲಿಲ್ಲ. ಎದುರು ಮನೆಯವಳು ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಪೂರ್ತಿ ನೋಡಿದಳು. ಗಿಡ ಕೊಳೆತು ಹೋಗುವಷ್ಟು ನೀರು ಹಾಕಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನನ್ನು ಹೊರಗೆ ಕರೆದರು. ಇನ್ನೂ ಮೀಸೆ ಗಟ್ಟಿಯಾಗದ ಹುಡುಗ.

"ಅಮ್ಮಾ, ಒಲ್ಲೆ ಅನ್ನೋರನ್ನ ಎಷ್ಟು ದಿನ ಹೊತ್ಕೊಂಡು ಬರ್ತೀರಾ?"

"ಬರದೇ ಇದ್ರೆ ಏನಾಗತ್ತೆ?"

"ಒಂದು ಸಲ ತಪ್ಪಿದ್ರೆ ಕಾಲು ಊದ್ಕೊಳ್ಳತ್ತೆ. ಎರಡು ಮೂರು ಸಲ ತಪ್ಪಿದ್ರೆ ನೀರು ಎದೆಗೆ ಏರತ್ತೆ. ಆಮೇಲೆ ನಮ್ಮ ಕೈಲಿ ಇರಲ್ಲ."

ಇದನ್ನು ಹೇಳುವಾಗ ಅವರ ಬಾಯಲ್ಲಿ ಚ್ಯೂಯಿಂಗ್ ಗಮ್. ಸಾವಿನ ಮಾತು ಆಡುವಾಗ ಬಾಯಿ ಖಾಲಿ ಮಾಡಿಕೊಳ್ಳಬೇಕು ಎಂಬುದನ್ನು ಅವರ ಕಾಲೇಜಿನಲ್ಲಿ ಹೇಳಿಕೊಟ್ಟಿಲ್ಲವೇನೋ.

ಬರುವಾಗ ಮತ್ತೆ ಗರಗರ. ಹಿಂದೆ ಮಗ ಅಪ್ಪನನ್ನು ಹಿಡಿದು ಕೂತಿದ್ದ. ಸೊಸೆ ರಸ್ತೆಯಿಂದ ಕಣ್ಣು ತೆಗೆಯದೆ, "ಅತ್ತೆ, ಸ್ಪೀಕರ್ ಆದ್ರೂ ಬದಲಾಯ್ಸೋಣ್ವಾ? ದಾರಿಲಿ ಹಿಂಸೆ ಕಮ್ಮಿ ಆದ್ರೆ ಮಾವ ಬರಬಹುದೇನೋ" ಎಂದಳು. ಮನೆಯ ಹಿರಿಯರು ಸಾಯುವ ಮಾತು ನಡೆದಿರುವಾಗ ಇವಳಿಗೆ ಹಾಡಿನ ಚಿಂತೆ.

ಮಾರ್ಚ್ ೬, ಶುಕ್ರವಾರ

ಇವತ್ತು ಸ್ಪೀಕರಿನ ಅಂಗಡಿಗೆ ಹೋಗಿದ್ದೆವು. ಮಾಡಲು ಬೇರೇನೂ ತೋಚಲಿಲ್ಲ, ಅದಕ್ಕೆ.

ಒಳಗೆ ರಬ್ಬರು, ಸೆಂಟು, ಬೆವರು ಮೂರೂ ಕಲಸಿದ ವಾಸನೆ. ಅಂಗಡಿಯವನು ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಅದರ ತುದಿಯಿಂದಲೇ ಒಂದೊಂದು ಸ್ಪೀಕರನ್ನೂ ಕುಟ್ಟಿ ಕುಟ್ಟಿ ತೋರಿಸಿದ. ತಂತಿಯನ್ನು ಹಲ್ಲಿನಿಂದ ಕಚ್ಚಿ ಸುಲಿದು ಸಿಪ್ಪೆಯನ್ನು ಉಗುಳಿದ. ಅದು ಬಂದು ಬಿದ್ದದ್ದು ನನ್ನ ಚಪ್ಪಲಿಯ ಪಕ್ಕ.

"ಬಾಗಿಲು ಕೊಯ್ದು ದೊಡ್ಡದು ಕೂರಿಸ್ತೀನಿ. ಡಿಕ್ಕಿಗೊಂದು ಡಬ್ಬ. ರಸ್ತೇಲಿ ಹೋದ್ರೆ ಜನ ತಿರುಗಿ ತಿರುಗಿ ನೋಡ್ಬೇಕು!" ಎಂದು ಏನೋ ಒತ್ತಿದ. ನನ್ನ ಕಟ್ಟಿಸಿದ ಹಲ್ಲು ಬಾಯೊಳಗೇ ಕುಣಿಯಿತು.

"ಕಾರಲ್ಲಿ ಕೂರೋರು ಕಾಯಿಲೆಯವರು" ಎಂದೆ.

"ಕಾಯಿಲೆಗೂ ಇದೇ ಮದ್ದು ಅಜ್ಜಿ! ಇವೆಲ್ಲ ನಿಮಗೆ ತಿಳಿಯಲ್ಲ. ಮನೇಲಿ ಗಂಡಸರಿದ್ರೆ ಕಳಿಸಿ."

ಮೈಯೆಲ್ಲ ಉರಿಯಿತು. "ಕಾರಲ್ಲಿ ಈಗಿರೋ ಅಳತೇದೇ ಒಂದು ಜೋಡಿ ಕೊಡು. ಹಾಕೋದು ನಾವು ಹಾಕ್ಕೊಳ್ತೀವಿ."

"ನೀವಾ?" ಎಂದು ನಕ್ಕ.

"ನಿನ್ನ ಎಂಜಲು ತಂತಿ ನಮ್ಮ ಕಾರಿಗೆ ಬೇಡ."

ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡ ಮೇಲೆ ಸೊಸೆ ಮೆಲ್ಲಗೆ ಕೇಳಿದಳು: "ಅತ್ತೆ, ನಾವು ಅಂದ್ರೆ ಯಾರು?"

"ನೀನು."

ಕಾರು ಹೊರಡಿಸಿದಳು. ಆಮೇಲೆ, "ಫೋನಲ್ಲಿ ವೀಡಿಯೊ ಇರತ್ತೆ, ನೋಡ್ಕೊಳ್ತೀನಿ" ಎಂದಳು. ಮುಖ ಬಿಳಿಚಿಕೊಂಡಿತ್ತು. ಇಷ್ಟಕ್ಕೆಲ್ಲ ಹೆದರುವವಳನ್ನು ನನ್ನ ಮಗ ಎಲ್ಲಿಂದ ಹುಡುಕಿ ತಂದನೋ.

ಮಾರ್ಚ್ ೭, ಶನಿವಾರ

ಮಗ ರಜೆ ಹಾಕಿ ಎತ್ತಿಕೊಂಡು ಹೋದ. ಮಂಗಳವಾರ ರಜೆ ಸಿಗುವುದಿಲ್ಲವಂತೆ. ಇನ್ನೊಮ್ಮೆ ಕೇಳಿದರೆ ಕೆಲಸಕ್ಕೇ ಬರಬೇಡ ಎಂದು ಮೇಲಿನವನು ಹೇಳಿದ್ದಾನಂತೆ. ನಾವಿಬ್ಬರು ಹೆಂಗಸರು ಇವರನ್ನು ಎತ್ತಲಾರೆವು. ಇನ್ನು ಇವರು ತಾವಾಗಿ ಎದ್ದು ಕಾರು ಹತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅದನ್ನು ಇವರಿಗೂ ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದರು.

ಮಾರ್ಚ್ ೮, ಭಾನುವಾರ

ಇಡೀ ದಿನ ಕಾರಿನ ಬಾಗಿಲಿಗೆ ಹೋಯಿತು. ಬರೆಯಲೂ ಹೇಸಿಗೆ, ಆದರೆ ಬರೆಯದಿದ್ದರೆ ತಲೆಯಿಂದ ಹೋಗುವುದಿಲ್ಲ.

ಮೊದಲು ಎಡಬಾಗಿಲು. ಒಳಗಡೆಯ ಪ್ಲಾಸ್ಟಿಕ್ ಹಲಗೆಯನ್ನು ಬಿಡಿಸಬೇಕು. ಸ್ಕ್ರೂಗಳನ್ನು ಒಂದೊಂದು ಕಡೆ ಬಚ್ಚಿಟ್ಟಿದ್ದಾರೆ, ಒಂದು ಹಿಡಿಯ ಹಿಂದೆ, ಒಂದು ಸಣ್ಣ ಮುಚ್ಚಳದ ಕೆಳಗೆ. ಸೊಸೆ ಫೋನನ್ನು ಸೀಟಿಗೆ ಆನಿಸಿ, ನೋಡಿ ನಿಲ್ಲಿಸಿ, ನೋಡಿ ನಿಲ್ಲಿಸಿ ಬಿಚ್ಚಿದಳು. ಆಮೇಲೆ ಹಲಗೆಯ ಅಂಚಿಗೆ ಬೆರಳು ತೂರಿಸಿ ಎಳೆಯಬೇಕು. ಅವಳು ಮಗುವಿನ ಕೈ ಹಿಡಿದ ಹಾಗೆ ಎಳೆಯುತ್ತಿದ್ದಳು.

"ಜೋರಾಗಿ ಎಳಿ."

"ಮುರಿದೋದ್ರೆ ಅತ್ತೆ?"

"ಮುರಿದ್ರೆ ನಾನು ಹೇಳ್ತೀನಿ ಮುರೀತು ಅಂತ. ಎಳಿ."

ಟಪ್ ಟಪ್ ಎಂದು ಗುಂಡಿ ಬಿಚ್ಚಿದ ಹಾಗೆ ಬಂತು. ಅದರ ಹಿಂದೆಯೇ ವಾಸನೆ.

ಅವತ್ತು ಇವರು ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದರಲ್ಲ, ಹೊರಗೆ ಹೋಗದ್ದೆಲ್ಲ ಗಾಜು ಇಳಿಯುವ ಸಂದಿಯಿಂದ ಬಾಗಿಲಿನೊಳಕ್ಕೆ ಇಳಿದಿದೆ. ಇಳಿದು ಸ್ಪೀಕರಿನ ಮೇಲೆ ಬಿದ್ದು, ಒಣಗಿ, ಹಳದಿ ಹಳದಿ ಪದರವಾಗಿದೆ. ಅದುರಿ ಸದ್ದು ಮಾಡುವ ಅದರ ಕಾಗದ ನೆಂದು ಕೊಳೆತು ಹರಿದಿದೆ. ಮುಟ್ಟಿದರೆ ಅಂಚಿನ ಸ್ಪಂಜು ಹಿಟ್ಟಿನ ಹಾಗೆ ಉದುರಿತು. ಗರಗರದ ಮೂಲ ಇದು.

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ಗೇಟಿನ ತನಕ ಓಡಿದಳು. ಮೂರು ತಿಂಗಳಿನಿಂದ ಇದನ್ನೇ ತೊಳೆಯುವವಳಿಗೆ ಇವತ್ತು ವಾಕರಿಕೆ. ಅವಳನ್ನು ಕಾಯುತ್ತ ಕೂತರೆ ಕತ್ತಲಾಗುತ್ತದೆ ಎಂದು ನಾನೇ ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿಸಿನೀರು, ಸೋಪು ತಂದೆ. ಕೈ ಒಳಗೆ ತೂರಿಸಿ, ಬಾಗಿಲಿನ ತಳದಲ್ಲಿ ನಿಂತಿದ್ದನ್ನೆಲ್ಲ ಬಳಿದು ತೆಗೆದು, ತಗಡು ಹೊಳೆಯುವ ತನಕ ಉಜ್ಜಿದೆ. ನನಗೇನೂ ಆಗಲಿಲ್ಲ. ಕೆಲಸ ಎಂದ ಮೇಲೆ ಕೆಲಸ.

ಸೊಸೆ ಮುಖ ತೊಳೆದುಕೊಂಡು ಬಂದಳು. "ಮಾವನಿಗೆ ಇದನ್ನ ಹೇಳಬೇಡ" ಎಂದೆ. ಮೊದಲೇ ಸೊರಗಿದ್ದಾರೆ, ಇನ್ನು ಇದೊಂದು ಯಾಕೆ.

ಹೊಸದನ್ನು ಕೂರಿಸಿದ್ದಾಯಿತು. ಸ್ಪೀಕರಿನ ಬೆನ್ನಿಗೆ ಎರಡು ಪುಟ್ಟ ತಗಡಿನ ನಾಲಿಗೆ ಇವೆ, ಒಂದು ಅಗಲ, ಒಂದು ಸಣ್ಣದು. ಕಾರಿನಿಂದ ಬರುವ ತಂತಿಯೂ ಎರಡು, ಒಂದಕ್ಕೆ ಬಿಳಿ ಪಟ್ಟೆ ಇದೆ, ಇನ್ನೊಂದು ಬರೀ ಕಪ್ಪು. ಅಲ್ಲಿದ್ದ ಹಳೆಯ ಕೊಂಡಿ ಹೊಸದಕ್ಕೆ ಕೂರಲಿಲ್ಲ. ತಂತಿ ಸುಲಿದು, ನಾಲಿಗೆಗೆ ಸುತ್ತಿ, ಟೇಪು ಹಾಕಿದಳು. ಎಡಗಡೆ ಪಟ್ಟೆಯ ತಂತಿ ಎಂಜಿನ್ ಕಡೆಯ ನಾಲಿಗೆಗೆ ಬಂತು. ನೋಡಿಟ್ಟುಕೊಂಡೆ.

ಬಲಬಾಗಿಲಿಗೆ ಬಂದಾಗ ಅದೇ ಪಟ್ಟೆಯ ತಂತಿಯನ್ನು ಹಿಂದಿನ ಸೀಟಿನ ಕಡೆಯ ನಾಲಿಗೆಗೆ ಸುತ್ತುತ್ತಿದ್ದಳು.

"ಎಲ್ಲಿ ಸುತ್ತುತಿದ್ದೀಯ? ಆ ಕಡೆ ಮುಂದಕ್ಕಿತ್ತು."

"ಅಲ್ಲ ಅತ್ತೆ, ಅಗಲದ್ದಕ್ಕೆ ಪಟ್ಟೆದು ಅಂತ ವೀಡಿಯೊದಲ್ಲಿ..."

"ಜೋಡಿ ಅಂದ್ಮೇಲೆ ಎರಡೂ ಕಡೆ ಒಂದೇ ಥರ ಕಾಣಬೇಕು. ಪರದೆ ಕಟ್ಟುವಾಗ ಒಂದು ಈ ಕಡೆ, ಒಂದು ಆ ಕಡೆ ಎಳೆದು ಕಟ್ತೀಯ? ಪಟ್ಟೆ ಮುಂದಕ್ಕೆ."

ಕೈ ತಡೆದಳು. ಏನೋ ಹೇಳಲು ಬಾಯಿ ತೆರೆದಳು. ನಾನು ನೋಡಿದೆ. ಬಾಯಿ ಮುಚ್ಚಿಕೊಂಡು ಮುಂದಕ್ಕೇ ಸುತ್ತಿದಳು.

ಹಲಗೆ ಮುಚ್ಚಿ ಸಣ್ಣಗೆ ಹಾಡು ಹಾಕಿದೆವು. ಗರಗರ ಇಲ್ಲ. ಆದರೆ ಹಾಡುವವಳು ಬಾವಿಯೊಳಗೆ ನಿಂತು, ಅದೂ ಊಟ ಬಿಟ್ಟು ಹಾಡಿದ ಹಾಗಿತ್ತು. "ಚೆನ್ನಾಗಿದೆ" ಎಂದೆ. ಇಷ್ಟು ಹೇಸಿಗೆ ಪಟ್ಟು ಮಾಡಿದ ಮೇಲೆ ಚೆನ್ನಾಗಿರಲೇಬೇಕು.

ಮಾರ್ಚ್ ೯, ಸೋಮವಾರ

ಚೆನ್ನಾಗಿಲ್ಲ. ಬೆಳಿಗ್ಗೆ ನಾನೊಬ್ಬಳೇ ಕೂತು ಕೇಳಿದೆ. ಎಡಬಾಗಿಲಿಗೆ ಕಿವಿ ಕೊಟ್ಟರೆ ಸರಿಯಾಗಿದೆ, ಬಲಬಾಗಿಲಿಗೆ ಕೊಟ್ಟರೂ ಸರಿಯಾಗಿದೆ, ನಡುವೆ ಕೂತರೆ ತಂಬಿಗೆಯಲ್ಲಿ ನೊಣ ಬಿದ್ದ ಹಾಗೆ. ಆ ಕಿವಿ ಕೆರೆಯುವವನು ಕೆಟ್ಟ ಮಾಲು ದಾಟಿಸಿದ್ದಾನೆ.

"ಅತ್ತೆ, ಆ ಬಲಗಡೆ ತಂತಿ..." ಎಂದು ಸೊಸೆ ಶುರುಮಾಡಿದಳು.

"ತಂತಿಗೇನಾಗಿದೆ? ಮಾಲೇ ಕೆಟ್ಟದ್ದು."

ಮಗನನ್ನು ಕೇಳಿದರೆ, "ಅಮ್ಮಾ, ನೀನು ನಿಂತು ಮಾಡ್ಸಿದ್ಮೇಲೆ ಸರಿಯಾಗೇ ಇರತ್ತೆ ಬಿಡು" ಎಂದು ಕಾರಿನ ಹತ್ತಿರವೂ ಹೋಗದೆ ಹೊರಟುಹೋದ. ಇವನದು ಹುಟ್ಟಿದಾಗಿನಿಂದ ಇದೇ ಪಾಠ.

ಇವರ ಪಾದ ದಪ್ಪಗಾಗಿದೆ. ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ. ನಾಳೆ ಹೋಗೋಣ ಎಂದೆ. ತಲೆಯಾಡಿಸಿದರು, ಅಡ್ಡಕ್ಕೆ.

ಮಾರ್ಚ್ ೧೦, ಮಂಗಳವಾರ

ಹೋಗಲಿಲ್ಲ.

ಗದರಿದೆ, ರಮಿಸಿದೆ, ಮತ್ತೆ ಗದರಿದೆ. ಅಂಗಿ ಹಾಕಿಸಿದರೆ ಕೂತಲ್ಲೇ ಗುಂಡಿ ಬಿಚ್ಚಿದರು.

ಡಾಕ್ಟರಿಗೆ ಫೋನು ಮಾಡಿ ಆಂಬುಲೆನ್ಸ್ ಕಳಿಸಿ ಎಂದೆ. "ಕಳಿಸಬಹುದು ಅಮ್ಮಾ. ಆದ್ರೆ ಅವರೇ ಬೇಡ ಅಂದ್ರೆ ನಾವು ಸೂಜಿ ಹಾಕೋ ಹಾಗಿಲ್ಲ. ಗುರುವಾರದೊಳಗೆ ಹೇಗಾದ್ರೂ ಒಪ್ಪಿಸಿ" ಎಂದರು. ಒಪ್ಪಿಸುವುದಂತೆ. ಯಾರನ್ನಾದರೂ ಒಪ್ಪಿಸಿ ನನಗೆ ಅಭ್ಯಾಸವಿಲ್ಲ.

ದಿಂಬಿನ ಮೇಲೆ ದಿಂಬು ಇಟ್ಟರೂ ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆ.

ಮಾರ್ಚ್ ೧೧, ಬುಧವಾರ

ಸೊಸೆಗೆ ಇವತ್ತು ಏನು ಬಂದಿತ್ತೋ ತಿಳಿಯದು. ಕಾರು ಒರೆಸುತ್ತೇನೆಂದು ಹೋದವಳು ಎಲ್ಲ ಬಾಗಿಲನ್ನೂ ತೆರೆದಿಟ್ಟು ಹಾಡು ಹಾಕಿದಳು. ಕಾರು ನಿಲ್ಲುವುದು ಇವರ ಕೋಣೆಯ ಕಿಟಕಿಗೆ ತಾಗಿದ ಹಾಗೆ. "ನಿಲ್ಸು ಅದನ್ನ, ಮಲಗಿದಾರೆ" ಎಂದು ಅಡುಗೆಮನೆಯಿಂದ ಕೂಗಿದೆ. ನಿಲ್ಲಿಸಲಿಲ್ಲ. ಇನ್ನೂ ಜೋರು ಮಾಡಿದಳು. ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಹೊರಟೆ.

ಅಷ್ಟರಲ್ಲಿ ಕೋಣೆಯೊಳಗಿಂದ ಕೂಗು: "ಯಾರ್ರೀ ಅದು ಉಲ್ಟಾ ಹಾಕಿರೋದು?"

ಎರಡು ದಿನದಿಂದ ನೀರು ಬೇಕಾದರೂ ಕೈಸನ್ನೆ ಮಾಡುತ್ತಿದ್ದವರು! ನಾನು ಒಳಗೆ ಹೋಗುವಷ್ಟರಲ್ಲಿ ಮಂಚದಿಂದ ಇಳಿದಿದ್ದರು. "ಬೀಳ್ತೀರಿ, ಕೂತ್ಕೊಳ್ಳಿ" ಎಂದರೆ ನನ್ನ ಕೈಯನ್ನು ತಳ್ಳಿದರು. ಗೋಡೆ, ಬಾಗಿಲು, ಕಂಬ, ಕಾರಿನ ಬಾನೆಟ್ಟು, ಹೀಗೆ ಒಂದೊಂದನ್ನೇ ಹಿಡಿದುಕೊಂಡು ಹೋಗಿ ಮುಂದಿನ ಸೀಟಿನಲ್ಲಿ, ನನ್ನ ಸೀಟಿನಲ್ಲಿ, ಕುಸಿದು ಕೂತರು. ಏದುಸಿರು. ಕಣ್ಣು ಮುಚ್ಚಿಕೊಂಡರು. ಪ್ರಜ್ಞೆ ತಪ್ಪಿತು ಎಂದು ನನ್ನ ಜೀವವೇ ಬಾಯಿಗೆ ಬಂತು. ನೋಡಿದರೆ ಹಾಡು ಕೇಳುತ್ತಿದ್ದಾರೆ.

"ಒಂದು ತಳ್ತಿದೆ, ಒಂದು ಎಳೀತಿದೆ" ಎಂದರು. "ನಡುವೆ ಗಾಳಿ ಅಲ್ಲೇ ಸತ್ತೋಗ್ತಿದೆ. ಟಾರ್ಚಿನ ಸೆಲ್ ತಗೊಂಡ್ಬಾ."

ಹೇಳಿದ್ದು ನನಗೆ. ತಂದುಕೊಟ್ಟೆ.

ಸೊಸೆಯಿಂದ ಎರಡೂ ಹಲಗೆ ಬಿಚ್ಚಿಸಿದರು. ಸ್ಟೀರಿಯೋವನ್ನು ಹೊರಗೆಳೆಸಿ ಅದರ ಬೆನ್ನಿನಿಂದ ತಂತಿಗಳನ್ನು ಕಳಚಿಸಿದರು. ಪಟ್ಟೆಯ ತಂತಿಯನ್ನು ಸೆಲ್ಲಿನ ತಲೆಗೆ, ಕಪ್ಪು ತಂತಿಯನ್ನು ಬುಡಕ್ಕೆ ಮುಟ್ಟಿಸಿ, "ನೋಡು" ಎಂದರು. ಎಡಬಾಗಿಲಿನ ಸ್ಪೀಕರಿನ ಕಾಗದ ಟಕ್ಕನೆ ಮುಂದಕ್ಕೆ ನೆಗೆಯಿತು. ಬಲಬಾಗಿಲಿನ ತಂತಿಗೂ ಹಾಗೆಯೇ ಮುಟ್ಟಿಸಿದರು. ಅದರ ಕಾಗದ ಒಳಕ್ಕೆ ಸರಿಯಿತು.

"ಎರಡೂ ಒಟ್ಟಿಗೆ ಮುಂದೆ ಬರಬೇಕು, ಒಟ್ಟಿಗೆ ಹಿಂದೆ ಹೋಗ್ಬೇಕು. ಯಾರು ಹಾಕಿದ್ದು ಇದನ್ನ?"

ಸೊಸೆ "ನಾನೇ ಮಾವ, ತಪ್ಪಾಯ್ತು" ಎನ್ನುತ್ತಾಳೆ ಎಂದು ಕಾದೆ. ಈ ಮನೆಯ ಕ್ರಮ ಅದು.

"ಹಾಕಿದ್ದು ನಾನು" ಎಂದಳು. "ಹಾಗೆ ಹಾಕು ಅಂದಿದ್ದು ಅತ್ತೆ. ತಪ್ಪು ಅಂತ ನನಗೆ ಅವತ್ತೇ ಅನ್ನಿಸ್ತು. ಎರಡು ಸಲ ಹೇಳಕ್ಕೆ ಹೋದೆ, ಬಾಯಿ ಮುಚ್ಚಿಸಿದ್ರು."

ಹೇಳಿ ಮುಗಿದ ಮೇಲೂ ತಲೆ ಕೆಳಗೆ ಹಾಕಲಿಲ್ಲ. ನೆಟ್ಟಗೆ ನನ್ನನ್ನೇ ನೋಡುತ್ತ ನಿಂತಳು. ಕಿವಿ ಮಾತ್ರ ಕೆಂಪಗಾಗಿತ್ತು.

"ಜೋಡಿ ಅಂದ್ರೆ ಒಂದೇ ಥರ ಕಾಣಬೇಕು ಅಂದೆ, ಅಷ್ಟೇ" ಎಂದೆ.

"ಅದು ಇರೋದು ಕೇಳಕ್ಕೆ ಕಣೇ, ನೋಡಕ್ಕಲ್ಲ" ಎಂದರು ಇವರು.

"ಭಾನುವಾರ ಇಡೀ ದಿನ ನಿಮ್ಮ ಕಿಟಕಿ ಕೆಳಗೇ ಒದ್ದಾಡಿದ್ವಿ. ಇಷ್ಟು ತಿಳಿದಿರೋರು ಒಂದು ಮಾತು ಹೇಳಬಾರದಿತ್ತೇ?"

"ನೀನು ಕೇಳಿದ್ಯಾ?"

ನಾನು ಬಿಚ್ಚಿದ ಸ್ಕ್ರೂಗಳನ್ನು ಆಯ್ದು ಒಂದು ಕಡೆ ಇಡತೊಡಗಿದೆ.

"ಆಸ್ಪತ್ರೆಗೆ ಯಾಕೆ ಒಲ್ಲೆ ಅಂತೀನಿ ಅಂತ ಕೇಳಿದ್ಯಾ? ಒಲ್ಲೆ ಅಂದ ತಕ್ಷಣ ಮಗನ್ನ ಕರೆದು ಎತ್ತಿಸಿದೆ. ಪ್ಲಾಸ್ಟಿಕ್ ಹಾಸಿ ಕೂರಿಸಿದೆ. ಕತ್ತಿಗೆ ಬಟ್ಟೆ ಕಟ್ಟಿದೆ. ಸೂಜಿ ಚುಚ್ಚೋದು ನನಗೆ. ಮಾತು ಮಾತ್ರ ಎಲ್ಲ ನಿಂದು."

ಇಷ್ಟು ಹೇಳುವುದಕ್ಕೆ ನಡುನಡುವೆ ನಿಲ್ಲಬೇಕಾಯಿತು. ನಿಂತಾಗೆಲ್ಲ ಮುಂದಿನ ಮಾತಿಗೆ ನಾವಿಬ್ಬರೂ ಕಾದೆವು. ಸೊಸೆಯ ಎದುರಿಗೆ ಹೆಂಡತಿಗೆ ಹೀಗೆ ಹೇಳುವುದೇ? ಅದೂ ಅಂಗಳದಲ್ಲಿ, ಎದುರು ಮನೆಯ ಗಿಡಗಳಿಗೆ ಕೇಳುವ ಹಾಗೆ? ನಾಚಿಕೆ ಎನ್ನುವುದು ಬೇಡವೇ?

ಬಲಬಾಗಿಲಿನ ತಂತಿ ಬಿಚ್ಚಲು ಹೋಗಿ ಸೊಸೆಯ ಬೆರಳು ತಗಡಿನ ಅಂಚಿಗೆ ಕೊಯ್ದುಕೊಂಡಿತು. ಬಟ್ಟೆ ಸುತ್ತಿ ಅವಳನ್ನು ಕೂರಿಸಿದೆ. ಇವರಿಗೆ ಬಾಗಲಾಗದು. ಇನ್ನು ಯಾರು? ನಾನೇ ಮೊಣಕಾಲೂರಿ ಕೂತು, ಟೇಪು ಬಿಚ್ಚಿ, ಪಟ್ಟೆಯದನ್ನು ಅಗಲದ್ದಕ್ಕೂ ಕಪ್ಪನ್ನು ಸಣ್ಣದಕ್ಕೂ ಸುತ್ತಿದೆ. ಸೊಸೆ ಸುತ್ತಿದ್ದು ಸಡಿಲವಾಗಿತ್ತು. ಇನ್ನು ನಾಲ್ಕು ಸಲ ಬಾಗಿಲು ಬಡಿದಿದ್ದರೆ ಕಳಚಿಕೊಳ್ಳುತ್ತಿತ್ತು. ತಂತಿಯನ್ನು ಜಡೆ ಹೆಣೆದ ಹಾಗೆ ಬಿಗಿಯಾಗಿ ತಿರುಚಿ ಟೇಪು ಹಾಕಿದೆ.

"ಕೈ ಗಟ್ಟಿ ಇದೆ ಇವಳದು" ಎಂದರು ಇವರು ಸೊಸೆಗೆ. "ಮೊದಲೇ ಗೊತ್ತಿದ್ರೆ ಅಂಗಡೀಲಿ ಕೂರಿಸ್ಕೊಳ್ತಿದ್ದೆ."

"ಅತ್ತೆ ಕೂತಿದ್ರೆ ಗಿರಾಕಿಗಳು ಹೆದರ್ಕೊಂಡು ಮುಂಗಡ ಕೊಟ್ಟು ಹೋಗ್ತಿದ್ರು ಮಾವ" ಎಂದಳು ಅವಳು. ಇಬ್ಬರೂ ನಕ್ಕರು. ನಾನು ಕೇಳಿಸಿಕೊಳ್ಳದ ಹಾಗೆ ಟೇಪನ್ನು ಕತ್ತರಿಸಿದೆ.

ಎಲ್ಲ ಸೇರಿಸಿ ಮತ್ತೆ ಅದೇ ಹಾಡು ಹಾಕಿದಳು. ಎಡಗಡೆಯಿಂದಲೂ ಅಲ್ಲ, ಬಲಗಡೆಯಿಂದಲೂ ಅಲ್ಲ, ಸ್ಟೀರಿಂಗಿನ ಈಚೆಗೆ, ಗಾಜಿನ ಹತ್ತಿರ ಯಾರೋ ಬಂದು ನಿಂತು ಹಾಡತೊಡಗಿದ ಹಾಗಾಯಿತು. ಅವಳ ಬೆನ್ನಿಗೆ ಒಬ್ಬ ಡೋಲು ಬಾರಿಸುತ್ತಿದ್ದ. ಅವನು ಇಷ್ಟು ದಿನ ಎಲ್ಲಿದ್ದನೋ.

"ಈಗ ಬಂದ್ಳು ನೋಡು" ಎಂದರು.

ಹಾಡು ಮುಗಿಯುವ ತನಕ ಮೂವರೂ ಏಳಲಿಲ್ಲ. ಒಲೆಯ ಮೇಲೆ ಇಟ್ಟಿದ್ದ ಹಾಲು ಉಕ್ಕಿ, ಸೀದು, ಮನೆಯೆಲ್ಲ ನಾರಿತು.

ಮಾರ್ಚ್ ೧೨, ಗುರುವಾರ

ಬೆಳಿಗ್ಗೆ ನಾನು ಅಂಗಿ ತೆಗೆಯುವ ಮೊದಲೇ ಎದ್ದು ಕೂತಿದ್ದರು. ಕಾಲು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ.

"ಎರಡು ಮಾತು" ಎಂದರು. "ಮುಂದೆ ಕೂರ್ತೀನಿ."

"ಸರಿ."

"ಇನ್ನೊಂದು. ನಾನು ಸಾಕು ಅಂದ ದಿನ ಸಾಕು. ಮಗನ್ನ ಕರೆಯೋ ಹಾಗಿಲ್ಲ, ಎತ್ತಿಸೋ ಹಾಗಿಲ್ಲ."

ಕೋಣೆಯಲ್ಲಿ ಔಷಧಿಯ ವಾಸನೆ, ಮಾಸಿದ ಹೊದಿಕೆಯ ವಾಸನೆ. ಕಿಟಕಿ ತೆರೆದೆ. ಕಿಟಕಿಯ ಕಡೆಗೇ ತಿರುಗಿಕೊಂಡು, "ಆ ದಿನ ಇವತ್ತಾ?" ಎಂದು ಕೇಳಿದೆ.

"ಇವತ್ತಲ್ಲ."

"ಹೂಂ" ಎಂದೆ. ಸೆರಗಿನಿಂದ ಅಲ್ಲಿನ ಧೂಳು ಒರೆಸಿದೆ. ಸೊಸೆಗೆ ಎಷ್ಟು ಸಲ ಹೇಳಿದರೂ ಕಿಟಕಿಯ ಸರಳು ಒರೆಸುವುದಿಲ್ಲ.

ಗೋಡೆ ಹಿಡಿದು ತಾವೇ ನಡೆದು ಕಾರು ಹತ್ತಿದರು. ಹಿಂದೆ ನಾನು ಕೂತೆ. ಆ ಪ್ಲಾಸ್ಟಿಕ್ಕು ಕೂತರೆ ಚರಚರ ಎನ್ನುತ್ತದೆ, ತೊಡೆಗೆ ಅಂಟುತ್ತದೆ, ಬೆವರಿದರೆ ಜಾರುತ್ತದೆ. ಮನುಷ್ಯರು ಕೂರುವಂಥದ್ದಲ್ಲ. ಮೊದಲ ತಿರುವಿನಲ್ಲೇ ಕಿತ್ತು ಮಡಚಿ ಕಾಲಡಿಗೆ ಹಾಕಿದೆ.

ಅರ್ಧ ದಾರಿಯ ತನಕ ಸ್ಟೀರಿಯೋದ ಗುಂಡಿ ತಿರುಗಿಸುತ್ತ, "ಇದು ಜಾಸ್ತಿ ಆಯ್ತು, ಇದು ಕಮ್ಮಿ" ಎಂದು ಸೊಸೆಗೆ ಪಾಠ ಹೇಳಿದರು. ಸೇತುವೆ ದಾಟಿದ ಮೇಲೆ ಸುಮ್ಮನಾದರು. ಕತ್ತಿನ ನರ ಬಿಗಿಯಿತು. ನಾನು ಎರಡು ಸೀಟಿನ ನಡುವಿನಿಂದ ಬಕೆಟ್ಟು ಚಾಚಿ, ಇನ್ನೊಂದು ಕೈಯಿಂದ ಹಣೆ ಹಿಡಿದೆ. ಒಂದು ಹನಿಯೂ ಆಚೆ ಬೀಳಲಿಲ್ಲ. ಹಣೆ ತಣ್ಣಗಿತ್ತು, ಅಂಟಂಟಾಗಿತ್ತು. ಆಮೇಲೂ ಕೈ ತೆಗೆಯಲು ಮರೆತು ಆಸ್ಪತ್ರೆಯ ಗೇಟಿನ ತನಕ ಹಾಗೇ ಹಿಡಿದಿದ್ದೆನಂತೆ, ಸೊಸೆ ಹೇಳಿದಳು. ಅವಳಿಗೆ ಎಲ್ಲ ಬೇಕು.

ಡಾಕ್ಟರ್ ಇವರನ್ನು ನೋಡಿ, "ಹೇಗೆ ಒಪ್ಪಿಸಿದ್ರಿ ಅಮ್ಮಾ?" ಎಂದರು. ಇವತ್ತೂ ಬಾಯಲ್ಲಿ ಏನೋ ಅಗಿಯುತ್ತಿದ್ದರು.

"ಮೊದಲು ಅದನ್ನ ಉಗುಳಿ ಬನ್ನಿ" ಎಂದೆ. ಹೋಗಿ ಉಗುಳಿ ಬಂದರು.

ಮಾರ್ಚ್ ೧೪, ಶನಿವಾರ

ಇವರು ಯಂತ್ರದ ಹತ್ತಿರ ಇರುವಾಗ ಸೊಸೆ, ನಾನು ಹೊರಗೆ ಚಹಾ ಕುಡಿಯುತ್ತಿದ್ದೆವು. ಚಹಾವೂ ಅಲ್ಲ, ಬಟ್ಟಲು ತೊಳೆದ ನೀರು. ಪಕ್ಕದಲ್ಲಿ ಒಬ್ಬ ದೊಡ್ಡ ಕಾರು ನಿಲ್ಲಿಸಿ, ಗಾಜಿಳಿಸಿ, ಹಾಡು ಹಾಕಿಕೊಂಡು ಕಾಲು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದ. ಕಾಲುಚೀಲ ಹರಿದು ಹೆಬ್ಬೆರಳು ಕಾಣುತ್ತಿತ್ತು. ಅಷ್ಟು ದುಡ್ಡಿನ ಕಾರು, ಒಳಗೆ ಹಾಡುವವನಿಗೆ ಹೊಟ್ಟೆಯೇ ಇಲ್ಲ. ಹೋಗಿ ಬಾಗಿಲು ತಟ್ಟಿದೆ.

"ಉಲ್ಟಾ ಹಾಕಿದಾರೆ ಕಣಪ್ಪ."

"ಏನು?"

"ತಂತಿ. ಒಂದು ತಳ್ತಿದೆ, ಒಂದು ಎಳೀತಿದೆ. ಯಾವುದಾದ್ರೂ ಒಂದು ಬಾಗಿಲು ಬಿಚ್ಚಿ ತಿರುಗಿಸಿ ಹಾಕು. ಹಲ್ಲಿಂದ ಸುಲಿಯೋನ ಹತ್ರ ಹೋಗಬೇಡ. ಮತ್ತೆ ಆ ಕಾಲು ಇಳಿಸು."

ಕಾಲು ಇಳಿಸಿದ. ಸೊಸೆ ಚಹಾ ಬಟ್ಟಲಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅವಳ ಬೆರಳಿನ ಕಟ್ಟು ಕೊಳೆಯಾಗಿತ್ತು. ನರ್ಸಿನ ಹತ್ತಿರ ಎಳೆದುಕೊಂಡು ಹೋಗಿ ಬೇರೆ ಕಟ್ಟಿಸಿದೆ.

ಹಿಂತಿರುಗುವಾಗ ಇವರು ಮುಂದೆ, ನಾನು ಹಿಂದೆ. ಹಾಡು ಸಣ್ಣಗೆ ಇತ್ತು. ಹಿಂದೆ ಕೂತರೆ ಬೇಡವೆಂದರೂ ಮುಂದಿನವರ ಕುತ್ತಿಗೆಯೇ ಕಾಣುತ್ತದೆ. ಎಷ್ಟು ಸಣ್ಣಗಾಗಿದೆ! ಕೂದಲು ಬೆಳೆದು ಕಾಲರಿನೊಳಗೆ ಇಳಿದಿದೆ. ಕಿವಿಯಿಂದಲೂ ನಾಲ್ಕು ಬಿಳಿ ಕೂದಲು ಹೊರಗೆ ಬಂದು ಗಾಳಿಗೆ ಆಡುತ್ತಿವೆ. ಅಸಹ್ಯ. ಯಾರೂ ದಿಕ್ಕಿಲ್ಲದವರ ಹಾಗೆ.

"ರೀ, ನಾಳೆ ಕೂದಲು ಕತ್ತರಿಸ್ಲಾ?" ಎಂದು ಕೇಳಿದೆ.

ಹಾಡಿನ ಸಾಲು ಮುಗಿಯುವ ತನಕ ತಡೆದು, "ಯೋಚನೆ ಮಾಡಿ ಹೇಳ್ತೀನಿ" ಎಂದರು.

ಯೋಚನೆ ಮಾಡುತ್ತಾರಂತೆ! ಎಂಥ ಕೊಬ್ಬು.